ಬಾಗುವ ಕೊಳವೆ, ಹಿಂದಿರುಗುವ ನೀರು

ಮತ್ತಿಕೆರೆಯ ನಮ್ಮ ಬೀದಿಯಲ್ಲಿ ನಲ್ಲಿಯ ನೀರು ಹಗಲಿರುಳೂ ಬರುವುದಿಲ್ಲ. ಗೊತ್ತಾದ ದಿನ, ಗೊತ್ತಾದ ಹೊತ್ತಿನಲ್ಲಿ ಬಂದು ನಿಂತುಹೋಗುತ್ತದೆ. ಆದಕಾರಣ ಅನೇಕ ಮನೆಗಳಲ್ಲಿ ಅಂಗಳದ ನಲ್ಲಿಯ ಬಾಯಿಗೆ ಪ್ಲಾಸ್ಟಿಕ್ ಕೊಳವೆಯೊಂದನ್ನು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಕೆಟ್ಟಿನಲ್ಲಿಯೋ ಡ್ರಮ್ಮಿನಲ್ಲಿಯೋ ಇಳಿಬಿಟ್ಟಿರುವುದು ವಾಡಿಕೆ. ಒಂದು ದಿನ ನನ್ನ ವಿದ್ಯಾರ್ಥಿಯೊಬ್ಬನು ಬಂದು, “ಸಾರ್, ಬಟ್ಟೆ ನೆನೆಸಿದ್ದ ಬಕೆಟ್ಟಿನ ಸೋಪಿನ ನೀರು ತಾನಾಗಿಯೇ ಖಾಲಿಯಾಗಿದೆ. ಬಕೆಟ್ಟು ಸೀಳಿಲ್ಲ, ನೆಲ ಒದ್ದೆಯಾಗಿಲ್ಲ. ನೀರು ಎಲ್ಲಿಗೆ ಹೋಯಿತು?” ಎಂದು ಕೇಳಿದನು.

“ಕೊಳವೆಯ ತುದಿ ನೀರಿನಲ್ಲಿ ಮುಳುಗಿತ್ತೇ? ನಲ್ಲಿ ತೆರೆದೇ ಇತ್ತೇ?” ಎಂದೆ. ಎರಡಕ್ಕೂ ಹೌದೆಂದನು. ಹಾಗಿದ್ದರೆ ಸಂದೇಹವಿಲ್ಲ: ಆ ಸೋಪಿನ ನೀರು ನಲ್ಲಿಯ ಮೂಲಕವೇ ಬೀದಿಯ ಕೊಳವೆಗೆ ಹಿಂದಿರುಗಿತ್ತು, ಅಲ್ಲಿಂದ ನೆರೆಮನೆಯ ಬಿಂದಿಗೆಗೆ ಹೋಗಲು ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಇದು ಹೇಗೆ ಸಾಧ್ಯವೆಂಬುದನ್ನು ತಿಳಿಯಬೇಕಾದರೆ ಈ ಬಾಗುವ ಕೊಳವೆಯ ಗುಣದೋಷಗಳನ್ನು ಮೊದಲು ಪರಿಶೀಲಿಸಬೇಕು.

ಕೊಳವೆ ಬಾಗುವುದೇಕೆ?

1896ರಲ್ಲಿ ಹೆಸರಘಟ್ಟದ ಕೆರೆಯ ನೀರು ಬೆಂಗಳೂರಿಗೆ ಹರಿದು ಬಂದಾಗ ಮನೆಯ ನಲ್ಲಿಯವರೆಗೂ ಲೋಹದ ಕೊಳವೆಯೇ ಗತಿಯಾಗಿತ್ತು. ಕಬ್ಬಿಣದ ಕೊಳವೆ ಗಟ್ಟಿ, ನಿಜ. ಆದರೆ ಪ್ರತಿಯೊಂದು ತಿರುವಿನಲ್ಲಿಯೂ ಅದಕ್ಕೊಂದು ಬೆಸುಗೆಯೋ ತಿರುಪಿನ ಜೋಡಣೆಯೋ ಬೇಕು. ಕಾಲಕ್ರಮದಲ್ಲಿ ತುಕ್ಕು ಹಿಡಿದು ಒಳದಾರಿ ಕಿರಿದಾಗುತ್ತದೆ. ಇಂದು ವಾಷ್ ಬೇಸಿನ್ನಿನ ಕೆಳಗಿನ ತುಂಡು ಕೊಳವೆಯಿಂದ ಹಿಡಿದು ಕೊಳವೆಬಾವಿಯೊಳಕ್ಕೆ ಇಳಿಯುವ ಕಪ್ಪು ಸುರುಳಿಯವರೆಗೆ ಪ್ಲಾಸ್ಟಿಕ್ಕು ಕಬ್ಬಿಣದ ಸ್ಥಾನವನ್ನು ಆಕ್ರಮಿಸಿದೆ.

ಈ ವಸ್ತುಗಳಲ್ಲಿ ಮುಖ್ಯವಾದುದು ಪಾಲಿಥೀನ್. 1933ರಲ್ಲಿ ಇಂಗ್ಲೆಂಡಿನ ಗಿಬ್ಸನ್ ಮತ್ತು ಫಾಸೆಟ್ ಎಂಬ ರಸಾಯನ ವಿಜ್ಞಾನಿಗಳು ಎಥಿಲೀನ್ ಅನಿಲವನ್ನು ಅತ್ಯಧಿಕ ಒತ್ತಡಕ್ಕೆ ಗುರಿಪಡಿಸಿದಾಗ ಪಾತ್ರೆಯಲ್ಲಿ ಮೇಣದಂತಹ ಬಿಳಿಯ ವಸ್ತುವೊಂದು ಉಳಿಯಿತು. ಎಥಿಲೀನಿನ ಸಾವಿರಾರು ಅಣುಗಳು ಒಂದರ ಕೈಯನ್ನೊಂದು ಹಿಡಿದು ಉದ್ದನೆಯ ಸರಪಳಿಗಳಾಗಿದ್ದವು. 1953ರಲ್ಲಿ ಜರ್ಮನಿಯ ಕಾರ್ಲ್ ತ್ಸೀಗ್ಲರ್ ಅಲ್ಪ ಒತ್ತಡದಲ್ಲಿಯೇ ಈ ಸರಪಳಿಗಳನ್ನು ಕಟ್ಟುವ ವಿಧಾನವನ್ನು ಕಂಡುಹಿಡಿದನು. ಗಟ್ಟಿಯಾದ ಪಾಲಿಥೀನ್ ಕೊಳವೆಗಳು ಇದರ ಫಲ. ಕಬ್ಬಿಣದಲ್ಲಿ ಪರಮಾಣುಗಳು ಕವಾಯತಿನ ಸಿಪಾಯಿಗಳಂತೆ ಸಾಲುಗಟ್ಟಿ ನಿಂತಿರುತ್ತವೆ. ಪಾಲಿಥೀನಿನಲ್ಲಾದರೋ ಸರಪಳಿಗಳು ಕೆಲವೆಡೆ ಒತ್ತಾಗಿ ಜೋಡಿಸಿಕೊಂಡು, ಕೆಲವೆಡೆ ಬಟ್ಟಲಿನ ಶ್ಯಾವಿಗೆಯಂತೆ ತೊಡಕಿಕೊಂಡಿರುತ್ತವೆ. ಒತ್ತಾದ ಭಾಗ ಬಲವನ್ನು ಕೊಡುತ್ತದೆ. ತೊಡಕಿನ ಭಾಗ ಬಾಗುವಿಕೆಯನ್ನು ಕೊಡುತ್ತದೆ.

ತೋಟಕ್ಕೆ ನೀರು ಹಾಯಿಸುವ ಮೆತ್ತನೆಯ ಕೊಳವೆಯ ಕಥೆ ಬೇರೆ. ಅದು ಸಾಮಾನ್ಯವಾಗಿ ಪಿ.ವಿ.ಸಿ. ಎಂಬ ವಸ್ತುವಿನದು. ಪಿ.ವಿ.ಸಿ. ಸ್ವಭಾವತಃ ಬಿರುಸು. ಅದರ ಸರಪಳಿಗಳ ನಡುವೆ ಎಣ್ಣೆಯಂತಹ ದ್ರವವನ್ನು ಸೇರಿಸಿ ಅವು ಒಂದರ ಮೇಲೊಂದು ಜಾರುವಂತೆ ಮಾಡಬಹುದೆಂದು 1926ರಲ್ಲಿ ಅಮೆರಿಕದ ವಾಲ್ಡೊ ಸೆಮನ್ ತೋರಿಸಿದನು. ವರ್ಷಗಳು ಕಳೆದಂತೆ ಈ ದ್ರವ ಮೆಲ್ಲಮೆಲ್ಲನೆ ಹೊರಬೀಳುತ್ತದೆ. ಹಳೆಯ ಕೊಳವೆ ಪೆಡಸಾಗಿ ಬಿರಿಯುವುದು ಇದರಿಂದಲೇ.

ಒಳಗಿನಿಂದ ಒತ್ತಿದರೆ

ನೀರಿನ ಕಂಬ 10 ಮೀಟರ್ ಎತ್ತರವಿದ್ದರೆ ಅದರ ಬುಡದಲ್ಲಿ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಉಂಟಾಗುತ್ತದೆ. ಮೂರನೆಯ ಮಹಡಿಯ ಮೇಲಿನ ತೊಟ್ಟಿಯಿಂದ ನೆಲದ ಮನೆಯ ನಲ್ಲಿಗೆ ಬರುವ ಒತ್ತಡ ಹೆಚ್ಚುಕಡಿಮೆ ಇಷ್ಟೇ. ಈ ಒತ್ತಡವು ಕೊಳವೆಯ ಗೋಡೆಯನ್ನು ಸುತ್ತಲೂ ಹಿಗ್ಗಿಸಲು ಯತ್ನಿಸುತ್ತದೆ. ಗೋಡೆಯೊಳಗಿನ ಎಳೆತವನ್ನು ತಿಳಿಯಲು ಒತ್ತಡವನ್ನು ವ್ಯಾಸದಿಂದ ಗುಣಿಸಿ, ಗೋಡೆಯ ದಪ್ಪದ ಎರಡರಷ್ಟರಿಂದ ಭಾಗಿಸಬೇಕು. 25 ಮಿಲಿಮೀಟರ್ ವ್ಯಾಸ, 2 ಮಿಲಿಮೀಟರ್ ದಪ್ಪವಿರುವ ಕೊಳವೆಯಲ್ಲಿ ಎಳೆತವು ಒತ್ತಡದ ಸುಮಾರು ಆರು ಪಾಲು. ಒಳ್ಳೆಯ ಪಾಲಿಥೀನಿಗೆ ಇದೊಂದು ಭಾರವೇ ಅಲ್ಲ.

ಇನ್ನೊಂದು ಸಂದರ್ಭದಲ್ಲಿ ಮೃದುತ್ವವೇ ಗುಣವಾಗುತ್ತದೆ. ರಭಸದಿಂದ ಹರಿಯುತ್ತಿರುವ ನೀರನ್ನು ನಲ್ಲಿ ತಿರುಗಿಸಿ ಥಟ್ಟನೆ ನಿಲ್ಲಿಸಿದರೆ ಕಬ್ಬಿಣದ ಕೊಳವೆ ಸುತ್ತಿಗೆಯಿಂದ ಹೊಡೆದಂತೆ ಶಬ್ದ ಮಾಡುವುದನ್ನು ನೀವು ಕೇಳಿರಬಹುದು. ರಷ್ಯದ ಝುಕೊವ್‌ಸ್ಕಿ 1898ರಲ್ಲಿ ಇದರ ಗಣಿತವನ್ನು ನಿರೂಪಿಸಿದನು. ಸೆಕೆಂಡಿಗೆ 1 ಮೀಟರ್ ವೇಗದ ನೀರು ಹಠಾತ್ತನೆ ನಿಂತರೆ ಉಕ್ಕಿನ ಕೊಳವೆಯಲ್ಲಿ ಸುಮಾರು 13 ವಾಯುಮಂಡಲದ ಹೆಚ್ಚುವರಿ ಒತ್ತಡ ಏಳುತ್ತದೆ. ಮೆತ್ತನೆಯ ಪಾಲಿಥೀನಿನಲ್ಲಿ ಸುಮಾರು 3 ಮಾತ್ರ. ಗೋಡೆ ತುಸು ಹಿಗ್ಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ.

ಹೊರಗಿನಿಂದ ಒತ್ತಿದರೆ

ಇಷ್ಟು ಸಹಿಷ್ಣುವಾದ ಕೊಳವೆ ಹೊರಗಿನ ಒತ್ತಡದ ಮುಂದೆ ದುರ್ಬಲವಾಗುತ್ತದೆ. ಒಳಗಿನ ಒತ್ತಡ ಕೊಳವೆಯನ್ನು ದುಂಡಗೆ ಮಾಡುತ್ತದೆ. ಹೊರಗಿನ ಒತ್ತಡವಾದರೋ ಅದರಲ್ಲಿರುವ ಅತ್ಯಲ್ಪ ಚಪ್ಪಟೆತನವನ್ನೂ ಹೆಚ್ಚಿಸುತ್ತ ಹೋಗಿ ಕೊನೆಗೆ ಎರಡು ಪಕ್ಕಗಳನ್ನೂ ಅಂಟಿಸಿಬಿಡುತ್ತದೆ. ಗೋಡೆಯ ದಪ್ಪ ಅರ್ಧವಾದರೆ ಇದನ್ನು ತಡೆಯುವ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದಲೇ ಪಂಪಿನ ಹೀರುವ ಬದಿಗೆ ಹಾಕುವ ಕೊಳವೆಗೆ ಗಡುಸಾದ ಸುರುಳಿಯ ಪಟ್ಟಿಯನ್ನು ಕೂಡಿಸಿರುತ್ತಾರೆ.

ಪಂಪು ನೀರನ್ನು ಎಳೆಯುತ್ತದೆ ಎಂಬುದು ಮಾತಿನ ರೂಢಿ. ವಾಸ್ತವವಾಗಿ ಅದು ಕೊಳವೆಯೊಳಗಿನ ಒತ್ತಡವನ್ನು ತಗ್ಗಿಸುತ್ತದೆ, ಅಷ್ಟೆ. ನೀರನ್ನು ತಳ್ಳುವುದು ಹೊರಗಿನ ಗಾಳಿ. ಸಮುದ್ರತೀರದಲ್ಲಿ ಗಾಳಿಯು ನೀರನ್ನು ಹೆಚ್ಚೆಂದರೆ 10.3 ಮೀಟರ್ ಏರಿಸಬಲ್ಲುದು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಆ ಮಿತಿ ಸುಮಾರು 9.3 ಮೀಟರ್.

ಬಕೆಟ್ಟಿನ ರಹಸ್ಯ

ಈಗ ನಮ್ಮ ಬಕೆಟ್ಟಿಗೆ ಮರಳೋಣ. 1974ರಿಂದ ಬೆಂಗಳೂರಿಗೆ ಬರುತ್ತಿರುವ ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರವನ್ನು ಪಂಪುಗಳ ಬಲದಿಂದ ಏರಿ ಬರುತ್ತದೆ. ಬೀದಿಯ ಕವಾಟವನ್ನು ಮುಚ್ಚಿದೊಡನೆ ಹಿಂದಿನಿಂದ ತಳ್ಳುವ ಆ ಬಲ ತಪ್ಪುತ್ತದೆ. ಇಳಿಜಾರಿನ ಕೆಳಗಿನ ಮನೆಗಳು ಕೊಳವೆಯಲ್ಲಿ ಉಳಿದ ನೀರನ್ನು ಇನ್ನೂ ಹಿಡಿಯುತ್ತಿರುತ್ತವೆ. ಆಗ ಮೇಲಿನ ಮನೆಗಳ ಕಡೆ ಕೊಳವೆಯೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾಗುತ್ತದೆ. ತೆರೆದ ನಲ್ಲಿಗೆ ಸಿಕ್ಕಿಸಿದ ಕೊಳವೆಯ ತುದಿ ಬಕೆಟ್ಟಿನಲ್ಲಿ ಮುಳುಗಿದ್ದರೆ ಅದೊಂದು ಪೂರ್ಣವಾದ ಸೈಫನ್. ನೀರು ನಲ್ಲಿಯ ಎತ್ತರಕ್ಕೆ ಅರ್ಧ ಮೀಟರಿನಷ್ಟು ಏರಿದರೆ ಸಾಕು. ಆಮೇಲೆ ಬೀದಿಯತ್ತ ಇಳಿಜಾರೇ. 9 ಮೀಟರ್ ಏರಿಸಬಲ್ಲ ಗಾಳಿಗೆ ಅರ್ಧ ಮೀಟರ್ ಯಾವ ಲೆಕ್ಕ?

ಬೀದಿಯ ಕೊಳವೆಗೆ ನೇರವಾಗಿ ಮೋಟಾರು ಜೋಡಿಸಿದವರಿದ್ದರೆ ಅಪಾಯ ಇಮ್ಮಡಿಸುತ್ತದೆ. ಆ ಸೆಳೆತಕ್ಕೆ ಬಕೆಟ್ಟಿನ ನೀರು ಮಾತ್ರವಲ್ಲ, ಕೊಳವೆಯ ಬಿರುಕುಗಳ ಸುತ್ತ ನಿಂತ ಚರಂಡಿಯ ನೀರೂ ಒಳನುಗ್ಗಬಹುದು. ಜಲಮಂಡಳಿಯು ಇದನ್ನು ನಿಷೇಧಿಸಿರುವುದು ನೀರಿನ ನ್ಯಾಯವಾದ ಹಂಚಿಕೆಗಾಗಿ ಮಾತ್ರವಲ್ಲ, ಆರೋಗ್ಯಕ್ಕಾಗಿಯೂ ಅವಶ್ಯಕ.

ಇದು ಉತ್ಪ್ರೇಕ್ಷೆಯೆಂದು ತೋರಿದರೆ 1933ರ ಚಿಕಾಗೋ ನಗರವನ್ನು ನೆನೆಯಬೇಕು. ಅಲ್ಲಿನ ವಿಶ್ವಮೇಳಕ್ಕೆ ಬಂದ ಅತಿಥಿಗಳು ತಂಗಿದ್ದ ಎರಡು ಹೋಟೆಲುಗಳಲ್ಲಿ ಕೊಳಾಯಿ ವ್ಯವಸ್ಥೆಯ ದೋಷದಿಂದ ಹೊಲಸು ನೀರು ಕುಡಿಯುವ ನೀರಿನೊಡನೆ ಬೆರೆಯಿತು. ಸುಮಾರು 1,400 ಜನರು ಅಮೀಬಾ ಆಮಶಂಕೆಗೆ ತುತ್ತಾದರು. 98 ಮಂದಿ ಮರಣ ಹೊಂದಿದರು. ಹಿಂದಕ್ಕೆ ಸೆಳೆಯಲ್ಪಟ್ಟ ನೀರು ಅಲ್ಲಿನ ಕಾರಣಗಳಲ್ಲೊಂದು.

ಪರಿಹಾರ

ಪರಿಹಾರ ಅತ್ಯಂತ ಸುಲಭ, ಖರ್ಚಿಲ್ಲದುದು. ಕೊಳವೆಯ ತುದಿಯನ್ನು ಪಾತ್ರೆಯ ಅಂಚಿಗಿಂತ ಮೇಲೆ, ಕೊಳವೆಯ ವ್ಯಾಸದ ಎರಡರಷ್ಟಾದರೂ ಎತ್ತರದಲ್ಲಿ ನಿಲ್ಲಿಸಬೇಕು. ಆ ಅಂತರದಲ್ಲಿ ಒತ್ತಡ ಎಷ್ಟೇ ತಗ್ಗಿದರೂ ಕೊಳವೆ ಹೀರುವುದು ಗಾಳಿಯನ್ನು ಮಾತ್ರ. ಸಂಪು ಎಂದು ಕರೆಯುವ ನೆಲದಡಿಯ ತೊಟ್ಟಿಗೂ ಇದೇ ನಿಯಮ. ನೀರು ಒಂದೇ ದಿಕ್ಕಿಗೆ ಹೋಗಲು ಬಿಡುವ ಕವಾಟವನ್ನು ಅಳವಡಿಸಿದರೆ ಇನ್ನೂ ಕ್ಷೇಮ. ಆದರೆ ಕಸ ಸಿಕ್ಕಿಕೊಂಡರೆ ಕವಾಟ ಕೈಕೊಡಬಹುದು, ಗಾಳಿಯ ಅಂತರ ಎಂದಿಗೂ ಕೈಕೊಡದು.

ಉಳಿದಂತೆ ಎರಡು ಮಾತು. ಬಿಸಿಲಿಗೆ ಬೀಳುವ ಕಡೆ ಕಪ್ಪು ಪಾಲಿಥೀನನ್ನೇ ಬಳಸಬೇಕು. ಅದರಲ್ಲಿ ಬೆರೆಸಿರುವ ಶೇಕಡಾ ಎರಡು ಮೂರರಷ್ಟು ಕಾಡಿಗೆಯು ಸರಪಳಿಗಳನ್ನು ಕತ್ತರಿಸುವ ಅತಿನೇರಿಳೆ ಕಿರಣಗಳನ್ನು ಹೀರಿಕೊಳ್ಳುತ್ತದೆ. ಸೌರ ಒಲೆಯ ಬಿಸಿನೀರಿಗೆ ಸಾಮಾನ್ಯ ಪಿ.ವಿ.ಸಿ. ಸಲ್ಲದು, ಸುಮಾರು 80 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅದು ಮೆತ್ತಗಾಗುತ್ತದೆ.

ನನ್ನ ವಿದ್ಯಾರ್ಥಿ ಮನೆಗೆ ಹೋಗಿ ಕೊಳವೆಯ ತುದಿಯನ್ನು ಗೋಡೆಯ ಮೊಳೆಯೊಂದಕ್ಕೆ ಎತ್ತಿ ಕಟ್ಟಿದನು. ನೀರಿಗೆ ಮುಂದು ಹಿಂದು ಎಂಬ ಭೇದ ತಿಳಿಯದು. ಒತ್ತಡ ಎಲ್ಲಿ ಕಡಿಮೆಯೋ ಅತ್ತ ಅದರ ಪಯಣ. ನೆರೆಯವರ ಬಿಂದಿಗೆಯನ್ನು ಕಾಯುವುದಕ್ಕೆ ನಾಲ್ಕು ಬೆರಳಿನಷ್ಟು ಗಾಳಿ ಸಾಕು.