ಅನ್ನವೊಂದಿದ್ದರೆ ಊಟಕ್ಕೇನು ಬರ?

ಸಂಜೆ ಏಳರ ಹೊತ್ತಿಗೆ ಕುಮಟಾದಿಂದ ಭಟ್ಕಳದವರೆಗೆ ಮನೆಮನೆಯಲ್ಲೂ ಏಳುವ ಪ್ರಶ್ನೆ ಒಂದೇ: ‘ರಾತ್ರಿಗೆ ಎಂತಾ ಮಾಡೂದು?’ ಕೆಲಸ ಮುಗಿಸಿ ಬಸ್ಸಿಳಿದವರಿಗೆ ದಣಿವು, ಮಕ್ಕಳಿಗೆ ಹಸಿವು, ಪೇಟೆಗೆ ಹೋಗಿಬರಲು ಹೊತ್ತಿಲ್ಲ. ಇಂಥ ಹೊತ್ತಲ್ಲಿ ಈ ಸೀಮೆಯ ಹಿರಿಯರು ಮೊದಲು ನೋಡುತ್ತಿದ್ದುದು ಹಿತ್ತಲನ್ನು, ಆಮೇಲೆ ಹುಳಿಯ ಭರಣಿಯನ್ನು. ಅಷ್ಟರಲ್ಲಿ ಅಡುಗೆ ತೀರ್ಮಾನವಾಗುತ್ತಿತ್ತು.

ಹವ್ಯಕರು, ನಾಮಧಾರಿಗಳು, ಕೊಂಕಣಿಗರು, ಹಾಲಕ್ಕಿಗಳು, ಖಾರ್ವಿಗಳು, ನವಾಯತರು ಇಲ್ಲಿ ಅಕ್ಕಪಕ್ಕದಲ್ಲೇ ಬಾಳುತ್ತಾರೆ. ಒಬ್ಬೊಬ್ಬರ ಊಟದ ರುಚಿ ಒಂದೊಂದು. ಆದರೆ ದಿನದ ಅಡುಗೆಯ ಚೌಕಟ್ಟು ಹೆಚ್ಚುಕಡಿಮೆ ಒಂದೇ: ಅನ್ನ, ಒಂದು ಹುಳಿ, ಒಂದಿಷ್ಟು ಕಾಯಿತುರಿ ಇಲ್ಲವೇ ಮಜ್ಜಿಗೆ, ಮೇಲೊಂದು ಒಗ್ಗರಣೆ. ಇಷ್ಟು ಕೈವಶವಾದರೆ ಉಳಿದದ್ದು ಅಂದಂದಿಗೆ ಸಿಕ್ಕಿದ ಹಾಗೆ. ಅಗ್ಗದ ಅಡುಗೆಯ ಗುಟ್ಟು ಇದೇ.

ಒಂದು ಹಿಡಿ ಸೊಪ್ಪು, ನಾಲ್ವರ ಊಟ

ತಂಬಳಿಯನ್ನೇ ನೋಡಿ. ಬಾವಿಕಟ್ಟೆಯ ತೇವದಲ್ಲಿ ತಾನಾಗಿ ಹಬ್ಬುವ ಒಂದೆಲಗ ಒಂದು ಹಿಡಿ ಸಾಕು. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹುರಿದು, ಅದೇ ಬಿಸಿಗೆ ಸೊಪ್ಪು ಹಾಕಿ ಬಾಡಿಸಬೇಕು. ಮೂರು ಚಮಚ ಕಾಯಿತುರಿ ಸೇರಿಸಿ ನುಣ್ಣಗೆ ಬೀಸಿ, ಎರಡು ಲೋಟ ಮಜ್ಜಿಗೆಗೆ ಕದಡಿ, ಉಪ್ಪು ಹಾಕಿ, ಸಾಸಿವೆ–ಒಣಮೆಣಸಿನ ಒಗ್ಗರಣೆ ಕೊಟ್ಟರೆ ಆಯಿತು. ಕುದಿಸುವ ಕೆಲಸವಿಲ್ಲ. ಅನ್ನ ಬೇಯುವಷ್ಟರಲ್ಲಿ ತಂಬಳಿ ಸಿದ್ಧ.

ಒಂದೆಲಗ ಸಿಗದಿದ್ದರೆ ದೊಡ್ಡಪತ್ರೆ. ಅದೂ ಇಲ್ಲವಾದರೆ ಮೆಂತ್ಯ, ಶುಂಠಿ, ಒಣಗಿಸಿಟ್ಟ ನೆಲ್ಲಿಕಾಯಿ, ಕಡೆಗೆ ದಾಳಿಂಬೆಯ ಸಿಪ್ಪೆ. ವಸ್ತು ಬದಲಾದರೂ ವಿಧಾನ ಬದಲಾಗುವುದಿಲ್ಲ. ಕಾಯಿಯ ದರ ಏರಿದ ದಿನಗಳಲ್ಲಿ ತಂಬಳಿಯ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಸಾಂಬಾರಿಗೆ ಅರ್ಧ ಹೋಳು ಬೇಡುವ ಕಾಯಿ ಇಲ್ಲಿ ಮೂರೇ ಚಮಚದಲ್ಲಿ ಮುಗಿಯುತ್ತದೆ.

ಮಾವಿನ ಕಾಲಕ್ಕೆ ಅಪ್ಪೆಹುಳಿ. ಬೇಯಿಸಿದ ಮಾವಿನಕಾಯಿಯನ್ನು ಕಿವುಚಿ, ನೀರು, ಉಪ್ಪು, ಹಸಿಮೆಣಸು ಸೇರಿಸಿ, ಬೆಳ್ಳುಳ್ಳಿಯದೋ ಇಂಗಿನದೋ ಒಗ್ಗರಣೆ ಹಾಕಿದರೆ ಅನ್ನಕ್ಕೂ ಆಯಿತು, ಕುಡಿಯಲಿಕ್ಕೂ ಆಯಿತು. ಕೊಂಕಣಿ ಮನೆಗಳ ದಾಳಿತೋಯ್‌ಗೆ ಕಾಯಿಯೂ ಬೇಡ, ಮಸಾಲೆಪುಡಿಯೂ ಬೇಡ. ಒಂದು ಲೋಟ ತೊಗರಿಬೇಳೆ, ಸೀಳಿದ ಹಸಿಮೆಣಸು, ಕರಿಬೇವು, ಕೈಬಿಟ್ಟು ಹಾಕಿದ ಇಂಗು ಇದ್ದರೆ ನಾಲ್ವರ ರಾತ್ರಿಯೂಟಕ್ಕೆ ಸಾಕು.

ಸಿಪ್ಪೆಗೂ ಒಂದು ಅಡುಗೆ

ಮೊಗೆಕಾಯಿ ಈ ಸೀಮೆಯ ನಂಬಿಗಸ್ತ ತರಕಾರಿ. ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದರೆ ಮಳೆಗಾಲಕ್ಕೂ ಒದಗುತ್ತದೆ. ಹೋಳು ಹುಳಿಗೆ, ಸಿಪ್ಪೆ ಚಟ್ನಿಗೆ, ತಿರುಳು ಸಾರಿಗೆ. ಒಂದೇ ಕಾಯಿಯಲ್ಲಿ ಎರಡು ಹೊತ್ತಿನ ಊಟ ಏಳುತ್ತದೆ. ವರ್ಷಕ್ಕೆ 3000 ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುವ ಕಡೆ ಇಂಥ ದಾಸ್ತಾನು ಅನಿವಾರ್ಯವೂ ಆಗಿತ್ತು. ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಒಣಗಿಸಿದ ಮುರುಗಲು, ವಾಟೆಹುಳಿ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲವೂ ಬೇಸಿಗೆಯ ಬಿಸಿಲಿನಲ್ಲೇ ತಯಾರಾಗಬೇಕು. ಹೊರಗೆ ಮಳೆ ಹೊಯ್ಯುವಾಗ ಕಪ್ಪು ಕೆಸುವಿನೆಲೆಯ ಕರಕಲಿ, ಬಿಸಿ ಅನ್ನ. ಎಲೆ ಹಿತ್ತಲಲ್ಲೇ ಸಿಗುತ್ತದೆ, ಖರ್ಚಿನ ಮಾತೇ ಇಲ್ಲ.

ಬೇಸಿಗೆಯಲ್ಲಿ ಕುಮಟಾ ದಾಟುವಾಗ ಹೆದ್ದಾರಿಯ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿಯ ಗೊಂಚಲು ಕಾಣುತ್ತವೆ. ಅಳ್ವೆಕೋಡಿ, ಹಂದಿಗೋಣದ ಗದ್ದೆಗಳಲ್ಲಿ ಬೆಳೆದದ್ದು. ಖಾರ ಕಡಿಮೆ, ಹಸಿಯಾಗಿಯೇ ತಿನ್ನಬಹುದು. ಸಣ್ಣಗೆ ಹೆಚ್ಚಿ ಮೊಸರಿಗೆ ಹಾಕಿ ಒಗ್ಗರಣೆ ಕೊಟ್ಟರೆ ಒಂದು ಹಶಿ ಆಯಿತು. ಗಂಜಿಯ ಜೊತೆಗೆ ಬರೀ ಈರುಳ್ಳಿ, ಉಪ್ಪಿನಕಾಯಿ ಇದ್ದರೂ ಊಟ ನಡೆಯುತ್ತದೆ.

ಮೀನಿನ ಲೆಕ್ಕಾಚಾರ

ಮೀನು ತಿನ್ನುವ ಮನೆಯ ಜಾಣತನ ಬೇರೆ. ಅಂಜಲ್, ಪಾಂಪ್ಲೆಟ್ ನೆಂಟರು ಬಂದ ದಿನಕ್ಕೆ. ವಾರದ ದಿನಕ್ಕೆ ಬಂಗಡೆ, ತಾರ್ಲೆ. ನಾಲ್ಕು ಬಂಗಡೆಗೆ ಕಾಯಿ, ಒಣಮೆಣಸು, ಅರಿಶಿನ, ಗೋಲಿಯಷ್ಟು ಹುಣಸೆ ಬೀಸಿ ಕುದಿಸಿ, ಕೊನೆಗೆ ಜಜ್ಜಿದ ಜುಮ್ಮನಕಾಯಿ ಹಾಕುತ್ತಾರೆ. ಅದರ ಕಪ್ಪು ಬೀಜ ಕಹಿ, ತೆಗೆದುಬಿಡಬೇಕು, ಘಮವೆಲ್ಲ ಸಿಪ್ಪೆಯಲ್ಲಿದೆ. ಉಳಿದ ಸಾರನ್ನು ಸಣ್ಣ ಉರಿಯಲ್ಲಿ ಇಂಗಿಸಿದರೆ ಮರುದಿನದ ಕುಚ್ಚಲಕ್ಕಿ ಗಂಜಿಗೆ ಅದರಷ್ಟು ಒಗ್ಗುವುದು ಬೇರೆ ಇಲ್ಲ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಮೀನಿನ ದರ ಕೈಗೆಟಕುವುದಿಲ್ಲ. ಆದರೆ ಬೇಸಿಗೆಯಲ್ಲಿ ಕೊಂಡಿಟ್ಟ ಒಣಮೀನು ಡಬ್ಬಿಯಲ್ಲಿರುತ್ತದೆ. ಚಪ್ಪರದ ಬಸಳೆಗೆ ಒಂದು ಹಿಡಿ ಒಣಸಿಗಡಿ ಹಾಕಿದರೆ ಇಡೀ ಪಾತ್ರೆಗೆ ರುಚಿ ಹತ್ತುತ್ತದೆ. ಅಘನಾಶಿನಿ ಅಳಿವೆಯ ಚಿಪ್ಪುಮೀನು ಬೆಳಚೂ ಬಡವರ ಊಟಕ್ಕೆ ಬಲ ಕೊಟ್ಟ ವಸ್ತು. 2024ರಲ್ಲಿ ಈ ಅಳಿವೆ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ನದಿ ಕೆಟ್ಟರೆ ಸುತ್ತಲ ಊರುಗಳ ರಾತ್ರಿಯೂಟವೂ ಕೆಡುತ್ತದೆಂಬುದು ನೆನಪಿರಲಿ. ಭಟ್ಕಳದ ನವಾಯತ ಮನೆಗಳ ಮುಡ್ಕುಳೆಯಲ್ಲಿ ಅಕ್ಕಿಹಿಟ್ಟಿನ ಪುಟ್ಟ ಉಂಡೆಗಳೇ ಮಸಾಲೆಯಲ್ಲಿ ಬೆಂದು ಊಟವಾಗುತ್ತವೆ. ಇದ್ದ ಅಷ್ಟಿಷ್ಟು ಮಾಂಸವನ್ನೋ ಚಿಪ್ಪುಮೀನನ್ನೋ ಎಲ್ಲರಿಗೂ ಸಾಲುವಂತೆ ಮಾಡುವ ಜಾಣ್ಮೆ ಅದು.

ಕಲಿಸಬೇಕಾದ್ದು

ಇಂದು ಪೊಟ್ಟಣದ ಮಸಾಲೆ, ಪಾರ್ಸೆಲ್ ಊಟ ಸುಲಭವಾಗಿ ಸಿಗುತ್ತವೆ. ಒಮ್ಮೊಮ್ಮೆ ಅದೂ ಬೇಕು, ತಪ್ಪೇನಿಲ್ಲ. ಆದರೆ ದಿನಾ ಅದನ್ನೇ ನೆಚ್ಚಿದರೆ ಕಿಸೆಯೂ ತಡೆಯುವುದಿಲ್ಲ, ಹೊಟ್ಟೆಯೂ ತಡೆಯುವುದಿಲ್ಲ. ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿರುವ ನಮ್ಮ ಹುಡುಗರಿಗೆ ಒಂದೆಲಗ ಸಿಗದಿರಬಹುದು. ಪಾಲಕ್ ಸಿಗುತ್ತದೆ, ಅದರದೂ ತಂಬಳಿಯಾಗುತ್ತದೆ. ಅಪ್ಪೆಹುಳಿಯನ್ನು ಲಿಂಬೆಹಣ್ಣಿನಲ್ಲೂ ಮಾಡಬಹುದು.

ಅದಕ್ಕೇ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಮಾತ್ರವಲ್ಲ, ಗಂಡುಮಕ್ಕಳಿಗೂ ಈ ಚೌಕಟ್ಟನ್ನು ಕಲಿಸಬೇಕು. ಹುಳಿ ಹೆಚ್ಚಾದರೆ ಬೆಲ್ಲ, ನೀರಾದರೆ ಒಂದು ಚಮಚ ಹುರಿದ ಎಳ್ಳು ಬೀಸಿ ಹಾಕುವುದು, ಇದ್ದ ಸೊಪ್ಪಿಗೆ ತಕ್ಕ ಒಗ್ಗರಣೆ: ಇದು ನಾಲ್ಕು ದಿನ ಜೊತೆಗೆ ನಿಂತು ಮಾಡಿದರೆ ಬರುವ ವಿದ್ಯೆ. ಒಮ್ಮೆ ಬಂತೆಂದರೆ ಯಾವ ಊರಿಗೆ ಹೋದರೂ ಅವರು ಕೈಯಲ್ಲಿದ್ದಷ್ಟು ದುಡ್ಡಿನಲ್ಲಿ ಹೊಟ್ಟೆತುಂಬ ಉಂಡು ಮಲಗುತ್ತಾರೆ.