ಗಲ್ಲೆ ಮೇಲಿನ ಅಜ್ಜ

ಖಾನಾವಳಿ ನಡೆಸಿದ ಹಿರಿಯರು ತೀರಿಕೊಂಡರೆ ರಾಯಚೂರು ಸೀಮೆಯಲ್ಲಿ ಬರುವ ಮೊದಲ ಮಾತು, ‘ಅಜ್ಜ ಯಾರನ್ನೂ ಹಸಿದು ಕಳಿಸಿದವನಲ್ಲ’ ಎಂಬುದು. ಹೊಗಳಿಕೆ ಸುಳ್ಳಲ್ಲ. ಆದರೆ ಕರುಣೆಯನ್ನು ಹುಟ್ಟುಗುಣವೆಂದು ಕೊಂಡಾಡಿ ಕೈತೊಳೆದುಕೊಂಡರೆ ಅದರ ಹಿಂದಿದ್ದ ಕಸುಬು ಮರೆಯಾಗುತ್ತದೆ. ಖಾನಾವಳಿ ಅಜ್ಜನ ಒಳ್ಳೆಯತನ ಬಹುಪಾಲು ಕಲಿತು ಬಂದದ್ದು: ಹಿಟ್ಟಿನ ಅಂದಾಜು, ಉದ್ರಿಯ ಲೆಕ್ಕ, ಉಣ್ಣುವವನ ಮುಖ ನೋಡಿ ಹಸಿವು ತಿಳಿಯುವ ಕಣ್ಣು. ಅವರನ್ನು ನೆನೆಯುವಾಗ ಇದಿಷ್ಟೂ ಲೆಕ್ಕಕ್ಕೆ ಬರಬೇಕು.

ಬೊಂಬಾಯಿ ಕಡೆಯ ರೈಲುಹಳಿ ಮತ್ತು ಮದ್ರಾಸ್ ಕಡೆಯ ಹಳಿ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಅಂದಿನಿಂದ ಈ ಊರಿಗೆ ಪರಊರಿನವರ ಹಸಿವು ಹೊಸದಲ್ಲ. ದೇವದುರ್ಗ, ಮಾನ್ವಿಯ ರೈತ ಗಂಜ್ ಮಾರುಕಟ್ಟೆಗೆ ಹತ್ತಿಯನ್ನೋ ಭತ್ತವನ್ನೋ ತಂದರೆ, ಹರಾಜಾಗಿ, ತೂಕವಾಗಿ, ದಲಾಲಿ ಅಂಗಡಿಯಲ್ಲಿ ರೊಕ್ಕ ಎಣಿಸುವತನಕ ಕಿಸೆ ಖಾಲಿ. ಓದಲು ಬಂದ ಹುಡುಗರದ್ದು ತಿಂಗಳ ಲೆಕ್ಕ. ಇಂಥ ಕಡೆ ಉದ್ರಿ ಕೊಡದಿದ್ದರೆ ಖಾನಾವಳಿ ನಡೆಯದು, ಕಂಡಕಂಡವರಿಗೆಲ್ಲ ಕೊಟ್ಟರೆ ಉಳಿಯದು. ಯಾರು ಕೊಡುತ್ತಾರೆ, ಯಾರು ಕೊಡಲಾರರು, ಕೊಡಲಾರದವನಿಗೆ ಎಷ್ಟು ದಿನ ಕೇಳದೆ ಸುಮ್ಮನಿರಬೇಕು ಎಂಬ ತೀರ್ಮಾನ ಗಲ್ಲೆಯ ಮೇಲೆ ಕೂತವರದ್ದು.

ತಾಟಿನ ವಿಷಯವೂ ಹೀಗೇ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಮಾನ್ವಿ ಕಡೆ ಭತ್ತ ಹೆಚ್ಚಿತು, ಊಟದಲ್ಲಿ ಅನ್ನದ ಪಾಲೂ ಬೆಳೆಯಿತು. ಖಾನಾವಳಿಯ ಪರೀಕ್ಷೆ ಮಾತ್ರ ಈಗಲೂ ಜೋಳದ ರೊಟ್ಟಿಯಲ್ಲೇ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರಿನಲ್ಲಿ ಕಲಸಿ, ಬಿಸಿ ಇರುವಾಗಲೇ ನಾದಿ, ಅಂಚು ಒಡೆಯದಂತೆ ಬಡಿದು, ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು. ಆರಿದರೆ ಬಿರುಸು. ಹೀಗಾಗಿ ಮುಂಚೆಯೇ ಮಾಡಿ ಪೇರಿಸಿಡುವಂತಿಲ್ಲ. ಎಷ್ಟು ಮಂದಿ ಕೂತರು, ಯಾರ ತಾಟಿನಲ್ಲಿ ಎಷ್ಟು ಉಳಿದಿದೆ ಎಂದು ನೋಡಿ ಒಳಗೆ ಕೂಗಬೇಕು. ಪುಂಡಿಪಲ್ಯ, ಶೇಂಗಾ ಹಿಂಡಿ ಇನ್ನಷ್ಟು ಕೇಳಲು ನಾಚುವವನಿಗೆ ‘ಇನ್ನೊಂದು ಹಾಕಿಸ್ಕೊಳ್ರಿ’ ಎನ್ನುವುದು ಉಪಚಾರದ ಮಾತು ಹೌದು, ಹಂಚಿನ ಮೇಲಿನ ರೊಟ್ಟಿ ಹಾಳಾಗದಂತೆ ನೋಡುವ ಜಾಣ್ಮೆಯೂ ಹೌದು. ಎರಡನ್ನೂ ಬೇರೆ ಮಾಡಲಾಗದು. ನನ್ನ ಮಟ್ಟಿಗೆ ಈ ಕಸುಬಿನ ಹೆಚ್ಚುಗಾರಿಕೆ ಇರುವುದೇ ಅಲ್ಲಿ.

ಆಕ್ಷೇಪಗಳಿವೆ, ಹಗುರವಲ್ಲ. ‘ಯಾರನ್ನೂ ಹಸಿದು ಕಳಿಸಲಿಲ್ಲ’ ಎಂಬಲ್ಲಿ ಆ ‘ಯಾರನ್ನೂ’ ಯಾರು? ಜಾತಿಯ ಹೆಸರು ಹೊತ್ತ ಬೋರ್ಡುಗಳು ಇಂದಿಗೂ ಕಾಣುತ್ತವೆ. ಪಂಕ್ತಿಯ ಜಗಳ ಈ ನೆಲಕ್ಕೆ ಹಳೆಯದು. ಮಾನ್ವಿಯ ಜಗನ್ನಾಥದಾಸರು (1728–1809) ಮೊದಲು ಹರಿದಾಸರಾದ ವಿಜಯದಾಸರ ಊಟದ ಕರೆಯನ್ನು ಹೊಟ್ಟೆನೋವಿನ ನೆಪ ಹೇಳಿ ತಳ್ಳಿಹಾಕಿದರು, ಆ ನೋವು ನಿಜವಾಗಿಯೇ ಹಿಡಿದುಕೊಂಡಿತು, ಕೊನೆಗೆ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರಾದ ಗೋಪಾಲದಾಸರು ಕೊಟ್ಟ ಜೋಳದ ರೊಟ್ಟಿಯಿಂದ ವಾಸಿಯಾಯಿತು ಎಂಬುದು ಐತಿಹ್ಯ. ಉಣ್ಣಲು ಒಲ್ಲೆನೆಂದ ಪಂಡಿತನ ಗರ್ವವನ್ನು ಜನ ಹೀಗೆ ನೆನಪಿಟ್ಟುಕೊಂಡರು. ಆದರೆ ಒಳಗೆ ಬರಲೇ ಬಿಡದವರ ಕಥೆ ಐತಿಹ್ಯದಿಂದ ನೇರವಾಗುವಂಥದ್ದಲ್ಲ. ಹೋಟೆಲುಗಳ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂದು ಸಂವಿಧಾನದ 15ನೇ ವಿಧಿಯೇ ಹೇಳಬೇಕಾಯಿತು. ಕರುಣೆಯನ್ನು ಸ್ವಭಾವವೆಂದರೆ ಇಂಥ ಪ್ರಶ್ನೆ ಕೇಳುವುದೇ ಒರಟುತನವಾಗುತ್ತದೆ, ಕಸುಬೆಂದರೆ ಕೇಳಲೇಬೇಕಾಗುತ್ತದೆ. ಎರಡನೆಯ ಆಕ್ಷೇಪ ಒಲೆಯ ಮುಂದಿನದು. ಅಜ್ಜನ ಹೆಸರು ಊರಿಗೆಲ್ಲ ಗೊತ್ತು, ಹೊಗೆಯಲ್ಲಿ ಕೂತು ರೊಟ್ಟಿ ಬಡಿದ ಹೆಂಗಸರ ಹೆಸರು ಗಿರಾಕಿಗಳಿಗೆ ಗೊತ್ತಿಲ್ಲ. ಇದಕ್ಕೆ ಸಮಜಾಯಿಷಿ ಇಲ್ಲ.

ಹತ್ತು ರೂಪಾಯಿಗೆ ಊಟ ಕೊಡುವ ಇಂದಿರಾ ಕ್ಯಾಂಟೀನ್ ಇರುವಾಗ ಉದ್ರಿಯ ಅಜ್ಜನ ಮಾತೇಕೆ ಎನ್ನುವವರಿಗೂ ಉತ್ತರ ಸುಲಭ: ಕ್ಯಾಂಟೀನ್ ಬೇಕು, ಹೆಚ್ಚೇ ಬೇಕು. ಅಲ್ಲಿ ಟೋಕನ್ ಇದ್ದವನಿಗೆ ಊಟ. ಕೈಯಲ್ಲಿ ಏನೂ ಇಲ್ಲದವನಿಗೆ ನಾಳೆ ಕೊಡು ಎನ್ನಲು ಒಬ್ಬ ಮನುಷ್ಯನೇ ಬೇಕು.

ರಾಯಚೂರು, ದೇವದುರ್ಗ, ಮಾನ್ವಿಯಲ್ಲಿ ಖಾನಾವಳಿ ನಡೆಸಿದ ಮನೆತನದವರು ಅಟ್ಟದ ಮೇಲಿನ ಹಳೆಯ ಉದ್ರಿ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಮೊದಲ ಹಾಳೆಯಲ್ಲಿ ಅಜ್ಜನ ಹೆಸರಿನ ಪಕ್ಕ ರೊಟ್ಟಿ ಬಡಿದವರ ಹೆಸರನ್ನೂ ಬರೆದಿಡಿ.