ಸೋಲಿನ ಮಾತು ಮತ್ತು ಪಳಗಿಕೆಯ ಮಟ್ಟ: ಹಳಿಯಾಳ ಪರಿಸರದ ಕುಸ್ತಿಯಲ್ಲಿ ದೂರಿನ ಸ್ವರೂಪ

‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆಯು ಸೋತವನ ಮಾತೆಲ್ಲವೂ ನೆಪವೆಂದು ಮೊದಲೇ ತೀರ್ಮಾನಿಸುತ್ತದೆ. ಆದರೆ ಸೋತವರೆಲ್ಲರ ದೂರು ಒಂದೇ ಬಗೆಯದಲ್ಲ. ಪಳಗಿಕೆ ಹೆಚ್ಚಿದಂತೆ ದೂರಿನ ವಸ್ತುವೂ ಅದರ ಭಾಷೆಯೂ ಬದಲಾಗುತ್ತವೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ ಹಾಗೂ ಮುಂಡಗೋಡ ಪರಿಸರದ ಕುಸ್ತಿಯನ್ನು ಮುಂದಿಟ್ಟುಕೊಂಡು ಈ ಬದಲಾವಣೆಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಭಾಗದಲ್ಲಿ ಕುಸ್ತಿಗೆ ವಿಶೇಷವಾಗಿ ಹೆಸರಾದ ಊರು ಹಳಿಯಾಳ. ಕನ್ನಡ, ಮರಾಠಿ, ಕೊಂಕಣಿ, ಉರ್ದು ಭಾಷೆಗಳು ಬೆರೆತ ಪರಿಸರವಾದ್ದರಿಂದ ಗರಡಿ, ಜಟ್ಟಿ, ಪಟ್ಟು ಎಂಬ ಪದಗಳ ಜೊತೆಗೆ ತಾಲೀಮು, ವಸ್ತಾದ, ಪೇಚು, ಚಿತ್ ಎಂಬವೂ ಬಳಕೆಯಲ್ಲಿವೆ. ಮಣ್ಣಿನ ಕಣದಲ್ಲಿ ಜೋಡಿ ಕಟ್ಟುವವರ ಕಣ್ಣಂದಾಜೇ ಅಳತೆ. ಬೆನ್ನು ನೆಲಕ್ಕೆ ತಾಗಿದರೆ ತೀರ್ಪು. ಮ್ಯಾಟ್ ಕುಸ್ತಿಯಲ್ಲಿ ತೂಕದ ವಿಭಾಗ, ಅಂಕ, ಸಮಯಗಳ ಲೆಕ್ಕವಿದೆ. ದೂರುಗಳು ಈ ಎರಡೂ ವ್ಯವಸ್ಥೆಗಳಿಂದ ಹುಟ್ಟುತ್ತವೆ.

ದೂರುಗಳನ್ನು ಸ್ಥೂಲವಾಗಿ ಮೂರು ಹಂತಗಳಲ್ಲಿ ಗುರುತಿಸಬಹುದು. ಹೊಸಬನ ದೂರಿನಲ್ಲಿ ಕರ್ತೃಸ್ಥಾನ ಎದುರಾಳಿಯದು: ‘ಅವನು ಮತ್ತೆ ಮತ್ತೆ ಕಾಲಿಗೇ ಬಿದ್ದ.’ ಕಾಲು ಹಿಡಿಯುವುದು ನಿಯಮಬದ್ಧವೇ. ಅದಕ್ಕೆ ಮರುಪಟ್ಟು ತಿಳಿಯದವನಿಗೆ ಅದು ಮೋಸವಾಗಿ ತೋರುತ್ತದೆ. ಎರಡನೆಯ ಹಂತದವನು ಢಾಕ್, ಕಲಾಜಂಗ್ ಎಂದು ಪಟ್ಟನ್ನು ಹೆಸರಿಸಬಲ್ಲ. ತನ್ನ ಪಟ್ಟು ಪೂರ್ತಿಯಾಗಿದ್ದರೂ ಅಂಕ ದೊರೆಯಲಿಲ್ಲವೆಂದು ಅವನು ಪಂಚರನ್ನು ದೂರುತ್ತಾನೆ. ನುರಿತವನ ಗಮನ ವ್ಯಕ್ತಿಗಳನ್ನು ದಾಟಿ ನಿಯಮದ ರಚನೆಗೆ ಹೋಗುತ್ತದೆ. ತನ್ನ ಸೋಲಿನ ಕ್ಷಣವನ್ನು ಹೇಳುವಾಗಲೂ ಅವನು ‘ಕೈ ತಡವಾಯಿತು’ ಎಂದು ತನ್ನ ಅಂಗವನ್ನೇ ಕರ್ತೃವಾಗಿಸುತ್ತಾನೆ. ಈ ಹಂತಗಳ ನಡುವಿನ ಗೆರೆ ಗಟ್ಟಿಯಾದುದಲ್ಲ; ಸೋಲಿನ ಬಿಸಿಯಲ್ಲಿ ನುರಿತವನೂ ಹೊಸಬನಂತೆ ಮಾತನಾಡಬಹುದು.

ನಿಯಮದ ಬಗೆಗಿನ ದೂರು ಬರಿಯ ನೆಪವಲ್ಲವೆಂಬುದಕ್ಕೆ ಅಂತಾರಾಷ್ಟ್ರೀಯ ಕುಸ್ತಿಯ ಇತಿಹಾಸವೇ ಸಾಕ್ಷಿ. 2005ರಲ್ಲಿ ಬಂದ ಪದ್ಧತಿಯಂತೆ ಫ್ರೀಸ್ಟೈಲ್‌ನಲ್ಲಿ ಸುತ್ತು ಅಂಕವಿಲ್ಲದೆ ಮುಗಿದರೆ ಬಣ್ಣದ ಚೆಂಡು ಎತ್ತಿ, ಯಾರಿಗೆ ಎದುರಾಳಿಯ ಕಾಲು ಹಿಡಿಯುವ ಅನುಕೂಲವೆಂದು ನಿರ್ಧರಿಸಲಾಗುತ್ತಿತ್ತು. ವರ್ಷಗಟ್ಟಲೆ ಪಳಗಿದವನ ಗೆಲುವು ಅದೃಷ್ಟಕ್ಕೆ ಒಳಗಾಗುತ್ತಿತ್ತು. 2013ರ ಫೆಬ್ರುವರಿಯಲ್ಲಿ ಕುಸ್ತಿಯನ್ನು ಒಲಿಂಪಿಕ್ಸ್‌ನಿಂದ ಕೈಬಿಡುವ ಶಿಫಾರಸು ಬಂದ ಮೇಲೆ, ಅದೇ ವರ್ಷ ನಿಯಮಗಳು ಬದಲಾದವು. ಮೂರು ನಿಮಿಷಗಳ ಎರಡು ಅವಧಿಗಳ ಅಂಕಗಳನ್ನು ಕೂಡಿಸುವ ಕ್ರಮ ಜಾರಿಗೆ ಬಂತು. ಸೆಪ್ಟೆಂಬರಿನಲ್ಲಿ ಕ್ರೀಡೆಗೆ ಒಲಿಂಪಿಕ್ಸ್ ಸ್ಥಾನ ಮರಳಿ ದೊರೆಯಿತು. ತೀರ್ಪನ್ನು ಪ್ರಶ್ನಿಸಿ ವಿಡಿಯೊ ಮರುಪರಿಶೀಲನೆ ಕೋರುವ ಅವಕಾಶವೂ ಇಂದು ಇದೆ. ಕೋರಿಕೆ ಬಿದ್ದುಹೋದರೆ ಎದುರಾಳಿಗೆ 1 ಅಂಕ. ಅಂದರೆ ದೂರಿಗೆ ಬೆಲೆ ಕಟ್ಟಲಾಗಿದೆ; ಎಲ್ಲಿ ದೂರಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದೂ ಪಳಗಿಕೆಯ ಭಾಗವಾಗಿದೆ.

ಇಷ್ಟರಿಂದ ನುರಿತವನ ದೂರು ಸತ್ಯ, ಹೊಸಬನದು ಸುಳ್ಳು ಎಂಬ ನಿರ್ಣಯಕ್ಕೆ ಬರುವುದು ಸರಿಯಲ್ಲ. ಜೋಡಿ ಸರಿಯಿಲ್ಲದಾಗ ಮೊದಲು ನೋಯುವವನು ಹೊಸಬನೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’ವು ಮಲ್ಲವಿನೋದದ ಭಾಗದಲ್ಲಿ ಮಲ್ಲರನ್ನು ವಯಸ್ಸು, ದೇಹಗಾತ್ರ, ಬಲಗಳಿಂದ ವಿಂಗಡಿಸುತ್ತದೆ. ಸಮಬಲದ ಪ್ರಶ್ನೆ ಅಷ್ಟು ಹಳೆಯದು. ‘ಅವನು ನನ್ನ ಮೇಲೆ ಬಿದ್ದುಬಿಟ್ಟ’ ಎಂದು ಎಳೆಯನೊಬ್ಬ ಹೇಳಿದಾಗ, ಅದರೊಳಗೆ ತೂಕದ ಅಂತರದ ನಿಜವಾದ ಅಪಾಯ ಅಡಗಿರಬಹುದು. ಅದನ್ನು ನಿಯಮದ ಭಾಷೆಯಲ್ಲಿ ಹೇಳುವ ಪರಿಭಾಷೆ ಅವನಲ್ಲಿರುವುದಿಲ್ಲ. ಮನೆಯಲ್ಲಿ ಕೊಂಕಣಿಯನ್ನೋ ಮರಾಠಿಯನ್ನೋ ಆಡಿ ಬೇರೆ ಭಾಷೆಯ ಕಣಕ್ಕೆ ಬಂದ ಮಕ್ಕಳಿಗೆ ಈ ತೊಡಕು ಇಮ್ಮಡಿಯಾಗುತ್ತದೆ.

ಆದ್ದರಿಂದ ಪಳಗಿಕೆಯ ಮಟ್ಟವು ದೂರಿನ ರೂಪವನ್ನು ನಿರ್ಧರಿಸುತ್ತದೆಯೇ ಹೊರತು ಅದರ ಸತ್ಯಾಸತ್ಯತೆಯನ್ನಲ್ಲ. ಗಾದೆಯು ಈ ಎರಡನ್ನೂ ಒಂದಾಗಿಸುತ್ತದೆ. ಅವುಗಳನ್ನು ಬಿಡಿಸಿ ಕೇಳಬಲ್ಲ ವಸ್ತಾದನ ಕಿವಿಯಿಂದ ಭಾಷಾ ಅಧ್ಯಯನವೂ ಕಲಿಯಬೇಕಾದುದಿದೆ.